ಈ ಬಾರಿಯ ಕುಸ್ವಾರ್ ಆರ್ಡರ್ ಮತ್ತು ನಮ್ಮ ಮಾಜಿ ಅಧ್ಯಕ್ಷೆಯರು

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಸೆಪ್ಟೆಂಬರ್ 8ರ ಮೊಂತಿ ಹಬ್ಬ (ಮರಿಯಮ್ಮನವರ ಜನ್ಮದಿನ) ಕಳೆದು ತಿಂಗಳಾಯಿತು. ಪ್ರತಿ ವರ್ಷ ಈ ಹೊತ್ತಿಗೆ ನಿಮ್ಮಲ್ಲಿ ಹಲವರು ನಮ್ಮ ಸಂಘದ ಯಾರಾದರೊಬ್ಬ ಹಿರಿಯ ಬಾಯಿಗೆ (ಕೊಂಕಣಿಯಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹೀಗೆ) ಫೋನ್ ಮಾಡಿ, "ಹೋದ ಸಲದಷ್ಟೇ ಇರಲಿ, ಕಿಡಿಯೊ ಮಾತ್ರ ಸ್ವಲ್ಪ ಹೆಚ್ಚು" ಎಂದು ಹೇಳಿ ನಿಶ್ಚಿಂತರಾಗುತ್ತಿದ್ದಿರಿ. ಈ ವರ್ಷದಿಂದ ಬದಲಾಗುವುದು ಆ ಫೋನ್ ಕರೆ. ನಮ್ಮ ಮಾಜಿ ಅಧ್ಯಕ್ಷೆಯರು ಇನ್ನು ಮುಂದೆ ಕುಸ್ವಾರ್, ಅಂದರೆ ಕ್ರಿಸ್ಮಸ್ ತಿಂಡಿಗಳ, ಆರ್ಡರ್ ತೆಗೆದುಕೊಳ್ಳುವುದಿಲ್ಲ, ಹಣ ಪಡೆಯುವುದಿಲ್ಲ, ದರ ಹೇಳುವುದಿಲ್ಲ. ಆರ್ಡರ್ ಏನಿದ್ದರೂ ಸಂಘದ ಒಂದೇ ಮೊಬೈಲ್ ಸಂಖ್ಯೆಗೆ ಬರಬೇಕು. ಅದು ಹೋದ ವರ್ಷದ ಡಬ್ಬಿಯ ಚೀಟಿಯಲ್ಲಿದೆ, ಈ ಪತ್ರದ ಜೊತೆಗಿರುವ ದರಪಟ್ಟಿಯಲ್ಲೂ ಇದೆ.

ಇಷ್ಟೇ ಬರೆದು ಮುಗಿಸಬಹುದಿತ್ತು. ಆದರೆ ಎರಡು ವಾರಗಳಿಂದ ಊರಿನಲ್ಲಿ ಬೇರೆಯೇ ಮಾತು ಓಡಾಡುತ್ತಿದೆ. ಹೊಸಬರು ಬಂದು ಹಳಬರನ್ನು ಮೂಲೆಗೆ ತಳ್ಳಿದರಂತೆ. ಮೊನ್ನೆ ಮೀನು ಮಾರುಕಟ್ಟೆಯಲ್ಲಿ ಬಂಗುಡೆ ಆರಿಸುತ್ತಿದ್ದಾಗ ನನ್ನನ್ನೇ ಒಬ್ಬರು ತಡೆದು ಕೇಳಿದರು, "ಹಿರಿಯ ಬಾಯಮ್ಮನನ್ನು ತೆಗೆದುಹಾಕಿದಿರಂತೆ, ಹೌದೇ?" ಎಂದು. ಅದಕ್ಕಾಗಿಯೇ ಈ ಉದ್ದ ಪತ್ರ. ಓದಲು ಬಿಡುವಿಲ್ಲದವರು ಕೊನೆಯ ಭಾಗಕ್ಕೆ ಹೋಗಬಹುದು, ದಿನಾಂಕಗಳು ಅಲ್ಲಿವೆ.

ಹೊಸ ಗ್ರಾಹಕರಿಗೆ ನಮ್ಮ ಪರಿಚಯ ಸ್ವಲ್ಪ. ನಾವು ಬೇಕರಿಯವರಲ್ಲ. ಮಂಗಳೂರು ಕಡೆಯ ಒಂದು ಚರ್ಚಿಗೆ ಸೇರಿದ ಕಥೋಲಿಕ ಸ್ತ್ರೀಯರು. ನಮ್ಮಲ್ಲಿ ಟೀಚರ್ ಇದ್ದಾರೆ, ಬೀಡಿ ಕಟ್ಟುವವರಿದ್ದಾರೆ, ನಿವೃತ್ತ ನರ್ಸ್ ಇದ್ದಾರೆ. ಯಾರಿಗೂ ಸಂಬಳವಿಲ್ಲ. ಡಿಸೆಂಬರಿನಲ್ಲಿ ಚರ್ಚಿನ ಸಭಾಂಗಣದ ಹಿಂದಿನ ಅಡುಗೆಮನೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊ, ಕೊಕ್ಕಿಸಾಂ (ಅಚ್ಚಿನಲ್ಲಿ ಕರಿದ ಹೂವಿನಾಕಾರದ ತಿಂಡಿ), ಎಳ್ಳಿನ ಲಾಡು, ಚಕ್ಕುಲಿ ಮಾಡುತ್ತೇವೆ. ಹಿಂದೆ ಪ್ರತಿ ಮನೆಯಲ್ಲೂ ರಾತ್ರಿ ಊಟವಾದ ಮೇಲೆ ಮಕ್ಕಳು ಮರಿ ಸೇರಿ ಫೋರ್ಕಿನ ಬೆನ್ನಿನ ಮೇಲೆ ಕಿಡಿಯೊ ಸುರುಳಿ ಮಾಡುತ್ತಿದ್ದರು. ಈಗ ಮಕ್ಕಳು ದುಬೈಯಲ್ಲಿ, ಫೋರ್ಕು ಡ್ರಾಯರಿನಲ್ಲಿ. ಹಾಗಾಗಿ ನಮಗೆ ವ್ಯಾಪಾರ. ಬಂದ ಲಾಭ ಡಯಾಲಿಸಿಸ್‌ಗೆ ಹೋಗಿಬರುವವರ ರಿಕ್ಷಾ ಬಾಡಿಗೆಗೆ, ಔಷಧಿಗೆ, ಕೆಲವು ಮಕ್ಕಳ ಶಾಲಾ ಶುಲ್ಕಕ್ಕೆ ಹೋಗುತ್ತದೆ. ಆ ಮಕ್ಕಳ, ರೋಗಿಗಳ ಜಾತಿ ಧರ್ಮವನ್ನು ನಾವು ಕೇಳುವುದಿಲ್ಲ. ಗ್ರಾಹಕರಾದ ನಿಮ್ಮದನ್ನೂ ಕೇಳಿದ್ದಿಲ್ಲ.

ಅಧ್ಯಕ್ಷೆಯ ಅವಧಿ ಎರಡು ವರ್ಷ. ಒಬ್ಬರಿಗೆ ಸತತ ಎರಡು ಸಲಕ್ಕಿಂತ ಹೆಚ್ಚು ಅವಕಾಶವಿಲ್ಲ. ಹೀಗಾಗಿ ನಮ್ಮಲ್ಲಿ ಮಾಜಿ ಅಧ್ಯಕ್ಷೆಯರು ಐವರಿದ್ದಾರೆ. ನಾವು ಕೊಂಕಣಿಯಲ್ಲಿ ಹೇಳುವಂತೆ ಐವರು "ಆದ್ಲಿ ಅಧ್ಯಕ್ಷಿಣ್". ನಿಯಮ ಪುಸ್ತಕದಲ್ಲಿ ಅಧ್ಯಕ್ಷೆಯ ಕೆಲಸ ಒಂದೂವರೆ ಪುಟ ಇದೆ. ಮಾಜಿ ಅಧ್ಯಕ್ಷೆಯ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ನಮ್ಮ ತೊಂದರೆಗಳೆಲ್ಲ ಶುರುವಾದದ್ದು ಆ ಖಾಲಿ ಜಾಗದಿಂದ.

ಹೋದ ಡಿಸೆಂಬರ್ 22ರ ರಾತ್ರಿ ನಡೆದದ್ದನ್ನು ನಿಮ್ಮಲ್ಲಿ ಕೆಲವರು ಅನುಭವಿಸಿಯೇ ಇದ್ದೀರಿ. ಒಂದು ಮನೆಯವರು ಇಬ್ಬರು ಮಾಜಿ ಅಧ್ಯಕ್ಷೆಯರಿಗೂ ಆರ್ಡರ್ ಹೇಳಿದ್ದರು, ಇಬ್ಬರೂ ಬರೆದುಕೊಂಡಿದ್ದರು. ಇನ್ನೊಂದು ಮನೆಯವರು ಮುಂಗಡ ಕೊಟ್ಟಿದ್ದರು. ಅದು ಒಬ್ಬ ಬಾಯಿಯ ಪ್ರಾರ್ಥನಾ ಪುಸ್ತಕದ ನಡುವೆ ಭದ್ರವಾಗಿತ್ತು, ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಮತ್ತೆ ಕೆಲವರಿಗೆ ಮೂರು ವರ್ಷದ ಹಿಂದಿನ ದರ ಹೇಳಲಾಗಿತ್ತು, ಬರೀ ಪ್ರೀತಿಯಿಂದ. ಪ್ರೀತಿ ಒಳ್ಳೆಯದೇ, ಆದರೆ ಗೇರುಬೀಜದ ಅಂಗಡಿಯವರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಂದು ಹಣ ಕೊಟ್ಟೂ ಬರಿಗೈಯಲ್ಲಿ ಮರಳಿದ ಗ್ರಾಹಕರಲ್ಲಿ ಸಂಘದ ಪರವಾಗಿ ಮತ್ತೊಮ್ಮೆ ಕ್ಷಮೆ ಕೇಳುತ್ತೇನೆ.

ಬ್ಯಾಂಕಿನ ಕಥೆಯೂ ಇಂಥದ್ದೇ. ಖಾತೆಯ ಸಹಿಯಲ್ಲಿ ಒಬ್ಬ ಮಾಜಿ ಅಧ್ಯಕ್ಷೆಯ ಹೆಸರೇ ಉಳಿದಿತ್ತು. ಸಹಿ ಬದಲಿಸಲು ಸಭೆಯ ಠರಾವಿನ ಪ್ರತಿ, ಹೊಸಬರ ಗುರುತಿನ ದಾಖಲೆ, ಮಾದರಿ ಸಹಿ ಎಲ್ಲ ಒದಗಿಸಬೇಕು. ಯಾರು ಅಲೆಯುವುದು, ಹೇಗೂ ಬಾಯಿ ಇದ್ದಾರಲ್ಲ ಎಂದು ಬಿಟ್ಟಿದ್ದೆವು. ಬಾಯಿ ಮಗಳ ಬಾಣಂತನಕ್ಕೆಂದು ಆರು ತಿಂಗಳು ಗಲ್ಫ್‌ಗೆ ಹೋದರು. ರಿಕ್ಷಾದವರ ಬಾಕಿಯನ್ನು ನಾವು ಕೈಯಿಂದ ಕೊಟ್ಟೆವು. ತಪ್ಪು ನಮ್ಮ ಸೋಮಾರಿತನದ್ದು, ಬಾಯಿಯದಂತೂ ಅಲ್ಲ, ಮಗುವಿನದಂತೂ ಅಲ್ಲವೇ ಅಲ್ಲ.

ಗ್ರಾಹಕರನ್ನೂ ದೂರುತ್ತಿಲ್ಲ. ನಿಮ್ಮ ಮೊಬೈಲಿನಲ್ಲಿ ಅವರ ಹೆಸರು "ಕುಸ್ವಾರ್ ಬಾಯಿ" ಎಂದೇ ಇದೆ. ಚುನಾವಣೆಯಲ್ಲಿ ಅಧ್ಯಕ್ಷೆ ಬದಲಾಗಬಹುದು, ನಿಮ್ಮ ಮೊಬೈಲಿನಲ್ಲಿ ಬದಲಾಗುವುದಿಲ್ಲ. ನಮ್ಮ ತಲೆಯಲ್ಲೂ ಅಷ್ಟೇ. ನಾನು ಅಧ್ಯಕ್ಷೆಯಾದ ಮೊದಲ ಸಭೆಯಲ್ಲಿ, ಸಕ್ಕರೆ ಈ ಸಲ ಬೇರೆ ಕಡೆಯಿಂದ ತರಿಸೋಣವೇ ಎಂದು ಕೇಳಿದೆ. ಎಲ್ಲ ತಲೆಗಳೂ ಮೂರನೇ ಸಾಲಿನ ಕಡೆ ತಿರುಗಿದವು. ಅಲ್ಲಿ ಹಿಂದಿನ ಅಧ್ಯಕ್ಷೆ ಕುಳಿತು ಗೇರುಬೀಜ ಹೆಚ್ಚುತ್ತಿದ್ದರು. ಅವರು ತಲೆಯಾಡಿಸಿದರು, ನಿರ್ಣಯ ಪಾಸಾಯಿತು. ಆಮೇಲೆ ತಿಳಿಯಿತು, ಅವರು ತಲೆಯಾಡಿಸಿದ್ದು ಚಹಾ ಬೇಕೇ ಎಂದು ಪಕ್ಕದವರು ಕೇಳಿದ್ದಕ್ಕೆ.

ಇದಕ್ಕೆ ತದ್ವಿರುದ್ಧವಾದದ್ದೂ ನಮ್ಮಲ್ಲಿ ನಡೆದಿದೆ. ಹಲವು ವರ್ಷಗಳ ಹಿಂದೆ ಒಬ್ಬ ಅಧ್ಯಕ್ಷೆಯ ಅವಧಿ ಮುಗಿದ ಮರುದಿನದಿಂದ ಯಾರೂ ಅವರನ್ನು ಒಂದು ಮಾತು ಕೇಳಲಿಲ್ಲ. ಅವರು ಬಲಿಪೂಜೆ ಮುಗಿದ ಕೂಡಲೇ ಪಕ್ಕದ ಬಾಗಿಲಿನಿಂದ ಮನೆಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಅವರ ಜೊತೆ ಕೊಕ್ಕಿಸಾಂನ ಹಳೆಯ ಕಬ್ಬಿಣದ ಅಚ್ಚುಗಳೂ ಹೋದವು, ಏಕೆಂದರೆ ಅವು ಅವರ ಅತ್ತೆಯವು. ಹೊಸ ಅಚ್ಚು ತಂದೆವು. ಹಿಟ್ಟು ಅಂಟಿಕೊಂಡು ಬಿಡಲೇ ಇಲ್ಲ. ಅಚ್ಚನ್ನು ಎಣ್ಣೆಯಲ್ಲಿ ಚೆನ್ನಾಗಿ ಕಾಯಿಸಬೇಕು, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಬೇಕು, ಮೇಲಂಚು ಮುಳುಗಿತೋ ಹೂವು ಕಳಚುವುದಿಲ್ಲ. ಇದನ್ನು ಹೇಳಿಕೊಡಬೇಕಾದವರು ಮನೆಯಲ್ಲಿ ಕುಳಿತಿದ್ದರು. ಆ ವರ್ಷ ಕೊಕ್ಕಿಸಾಂ ಕೊಳ್ಳದ ನೀವು ಪುಣ್ಯವಂತರು.

ಅಂದರೆ, ಇಳಿದ ಮೇಲೂ ಅಧ್ಯಕ್ಷೆಯಾಗಿಯೇ ಇರುವುದು, ಇಲ್ಲವೇ ಏನೂ ಆಗದೆ ಹೋಗುವುದು, ಇವೆರಡೇ ದಾರಿ ನಮಗೆ ಗೊತ್ತಿದ್ದದ್ದು. ಮೂರನೆಯದನ್ನು ಹುಡುಕಲು ಈ ವರ್ಷ ತಪಸ್ಸುಕಾಲ (ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳು) ಮುಗಿದ ಮೇಲೆ ನಾಲ್ಕು ಸಭೆ ಸೇರಿದೆವು. ಒಬ್ಬ ಸದಸ್ಯೆ 2021ರ ಜೂನ್‌ನಲ್ಲಿ ವ್ಯಾಟಿಕನ್ ಹೊರಡಿಸಿದ ಆಜ್ಞೆಯ ವಿಷಯ ತೆಗೆದರು. ಶ್ರೀಸಾಮಾನ್ಯರ (ಅಂದರೆ ಗುರುಗಳಲ್ಲದ ಕಥೋಲಿಕರ) ಅಂತರರಾಷ್ಟ್ರೀಯ ಸಂಘಟನೆಗಳ ಕೇಂದ್ರ ಆಡಳಿತದಲ್ಲಿ ಒಂದು ಅವಧಿ ಐದು ವರ್ಷ ಮೀರಬಾರದು, ಒಬ್ಬರೇ ಸತತವಾಗಿ ಹತ್ತು ವರ್ಷಕ್ಕಿಂತ ಹೆಚ್ಚು ಇರಬಾರದು, ಮತ್ತೆ ಬರುವುದಾದರೆ ಒಂದು ಅವಧಿ ಹೊರಗಿರಬೇಕು ಎಂದು ಅದು ಹೇಳುತ್ತದೆ. ನಮ್ಮಂಥ ಊರಿನ ಸಂಘಕ್ಕೆ ಅದು ಅನ್ವಯಿಸುವುದಿಲ್ಲ, ನಮ್ಮ ನಿಯಮ ಹೇಗೂ ಅದಕ್ಕಿಂತ ಬಿಗಿಯಾಗಿದೆ. ಆದರೆ ನಮ್ಮ ಹಿರಿಯ ಬಾಯಿ ಕನ್ನಡಕ ಸರಿಮಾಡಿಕೊಂಡು ಕೇಳಿದ ಪ್ರಶ್ನೆ ಸರಿಯಾಗಿತ್ತು: "ಯಾವಾಗ ಇಳಿಯಬೇಕು ಎಂದು ರೋಮಿನವರು ಬರೆದಿದ್ದಾರೆ. ಇಳಿದವಳು ಮರುದಿನ ಬೆಳಿಗ್ಗೆ ಎದ್ದು ಏನು ಮಾಡಬೇಕು ಎಂದು ಎಲ್ಲಿ ಬರೆದಿದ್ದಾರೆ?"

ಉತ್ತರ ಸಿಕ್ಕಿದ್ದು ಹಳೆಯ ಕಡೆ. ಸಂತ ವಿನ್ಸೆಂಟ್ ದೆ ಪಾವ್ಲ್ 1617ರಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಸಣ್ಣ ಊರಿನಲ್ಲಿ ಚರ್ಚಿನ ಗುರುಗಳಾಗಿದ್ದಾಗ, ಒಂದು ಮನೆಯವರೆಲ್ಲ ಕಾಯಿಲೆ ಬಿದ್ದಿದ್ದಾರೆ ಎಂಬ ಸುದ್ದಿ ಬಂತು. ಚರ್ಚಿನ ಪ್ರವಚನದಲ್ಲಿ ಹೇಳಿದ್ದೇ ತಡ, ಊರಿನ ಹೆಂಗಸರು ಬಿಸಿಲಿನಲ್ಲಿ ಸಾಲುಗಟ್ಟಿ ಊಟ ಹೊತ್ತು ನಡೆದರು. ಒಂದೇ ದಿನ ಅಷ್ಟು ಊಟ. ಹಾಳಾಗುವಷ್ಟು. ನಾಳೆ ಏನು? ದಯೆಗೇನೂ ಕೊರತೆಯಿಲ್ಲ, ವ್ಯವಸ್ಥೆಯಿಲ್ಲ ಎಂದು ವಿನ್ಸೆಂಟರಿಗೆ ಹೊಳೆಯಿತು. ಅದೇ ವರ್ಷ ಡಿಸೆಂಬರ್ 8ರಂದು ಆ ಹೆಂಗಸರ ಸಂಘ ವಿಧಿವತ್ತಾಗಿ ಸ್ಥಾಪನೆಯಾಯಿತು. ಅದರ ನಿಯಮದಲ್ಲಿ ದಿನಕ್ಕೊಬ್ಬರ ಸರದಿ ಇದೆ. ಜೊತೆಗೆ ಒಂದು ಸಣ್ಣ ಸೂಚನೆ ಇದೆ: ರೋಗಿಗಳಿಗೆ ಊಟ ಕೊಡುವಾಗ, ಮನೆಯಲ್ಲಿ ಯಾರಾದರೂ ಜೊತೆಗಿರುವವರಿಂದ ಶುರು ಮಾಡಿ, ಒಂಟಿಯಾಗಿರುವವರ ಮನೆಗೆ ಕೊನೆಗೆ ಹೋಗಬೇಕು. ಅವರ ಬಳಿ ಹೆಚ್ಚು ಹೊತ್ತು ಕೂರಲು ಆಗಲಿ ಎಂದು.

ಇದನ್ನು ಓದಿದಾಗ ಸಭೆಯಲ್ಲಿ ಮಾತು ನಿಂತಿತು. ಯಾಕೆಂದರೆ ನಾವು ಮಾಡುತ್ತಿದ್ದದ್ದು ತಿರುಗಮುರುಗ. ಮಂಚ ಹಿಡಿದ, ಒಂಟಿಯಾದ ಹಿರಿಯರ ಮನೆಗೆ ತಿಂಗಳಿಗೊಮ್ಮೆ ಹೋಗುವ ಕ್ರಮ ನಮ್ಮಲ್ಲಿದೆ. ಹೋಗುವವಳು ಅಧ್ಯಕ್ಷೆ. ಅಧ್ಯಕ್ಷೆಯ ಕಣ್ಣು ಗಡಿಯಾರದ ಮೇಲೆ, ಕೈ ಮೊಬೈಲಿನ ಮೇಲೆ. ನಾನೇ ಒಬ್ಬ ಅಜ್ಜಿಯ ಮನೆಯಲ್ಲಿ ಹೊಸ್ತಿಲು ದಾಟದೆ ಔಷಧಿ ಕೊಟ್ಟು, ಫೋಟೋ ತೆಗೆದುಕೊಂಡು ಓಡಿದ್ದೇನೆ. ಕೂರಲು ಸಮಯ ಇರುವುದು ಯಾರಿಗೆ? ಲೆಕ್ಕ, ಪಟ್ಟಿ, ಬ್ಯಾಂಕು ಎಲ್ಲದರಿಂದ ಬಿಡುಗಡೆಯಾದವರಿಗೆ. ಹತ್ತಿಪ್ಪತ್ತು ವರ್ಷ ಆ ಮನೆಗಳ ಕಷ್ಟಸುಖ ಬಲ್ಲವರಿಗೆ. ನಾವು ಮಾತ್ರ ಅವರನ್ನು ಆರ್ಡರ್ ಪುಸ್ತಕಕ್ಕೆ ಕಟ್ಟಿಹಾಕಿದ್ದೆವು.

ಈಗ ಏರ್ಪಾಡು ಹೀಗಿದೆ. ಮನೆಭೇಟಿ ಪೂರ್ತಿ ಮಾಜಿ ಅಧ್ಯಕ್ಷೆಯರದು. ಪ್ರತಿಯೊಬ್ಬರ ಜೊತೆ ಒಬ್ಬ ಕಿರಿಯ ಸದಸ್ಯೆ ಹೋಗುತ್ತಾಳೆ, ದಾರಿ ಮತ್ತು ಮಾತು ಎರಡನ್ನೂ ಕಲಿಯಲು. ಕಾರ್ಯಕಾರಿ ಸಮಿತಿಯ ಸಭೆಗೆ ಅವರನ್ನು ಕರೆಯುತ್ತೇವೆ, ಅವರು ಮಾತನಾಡಬಹುದು, ಮತ ಹಾಕುವಂತಿಲ್ಲ. ಆಗಷ್ಟೇ ಇಳಿದವರು ಮೊದಲ ಒಂದು ವರ್ಷ ಹೊಸಬಳಿಗೆ ಕಾಗದಪತ್ರ ಒಪ್ಪಿಸಿಕೊಡುವ ಜವಾಬ್ದಾರಿ ಹೊರುತ್ತಾರೆ. ಬ್ಯಾಂಕಿನಲ್ಲಿ ಅವರ ಸಹಿ ಇರುವುದಿಲ್ಲ, ಅದನ್ನು ಬದಲಿಸಿಯಾಗಿದೆ. ಚುನಾವಣೆ ನಡೆಸಿಕೊಡುವವರು ಅವರೇ. ಅಡುಗೆಮನೆಯಲ್ಲಿ ಪಾಕದ ಹದ ನೋಡುವುದೂ ಅವರೇ, ಆ ಅಧಿಕಾರವನ್ನು ಕಿತ್ತುಕೊಳ್ಳುವ ಧೈರ್ಯ ನಮಗಿಲ್ಲ.

ನಿಮಗೆ ನೇರವಾಗಿ ಸಂಬಂಧಿಸಿದ್ದು ಇನ್ನೊಂದಿದೆ. ನಮ್ಮ ಮೇಲೆ ದೂರಿದ್ದರೆ, ಅಂದರೆ ತೂಕ ಕಡಿಮೆ, ನೆವ್ರಿ ಒಡೆದಿತ್ತು, ಫೋನ್ ಎತ್ತಿದವಳ ಮಾತು ಒರಟಾಗಿತ್ತು ಎಂದೆಲ್ಲ, ಅದನ್ನು ಕೇಳುವುದು ಮಾಜಿ ಅಧ್ಯಕ್ಷೆಯರಲ್ಲಿ ಒಬ್ಬರು. ಆರ್ಡರ್ ತೆಗೆದುಕೊಂಡವಳೇ ದೂರನ್ನೂ ಕೇಳಿದರೆ ಏನಾಗುತ್ತದೆ ಎಂದು ನಿಮಗೂ ಗೊತ್ತು, ನಮಗೂ ಗೊತ್ತು. ಅವರಿಗೆ ಈಗ ಮಾರಾಟದಲ್ಲಿ ಪಾಲಿಲ್ಲ, ಹಾಗಾಗಿ ನಮ್ಮ ಪರ ವಹಿಸಬೇಕಾದ ಕರ್ಮವೂ ಇಲ್ಲ.

ಎಲ್ಲರೂ ನಗುನಗುತ್ತಾ ಒಪ್ಪಿದರು ಎಂದು ಬರೆದರೆ ಸುಳ್ಳಾಗುತ್ತದೆ. ಒಬ್ಬರು ಎರಡು ಸಭೆಗೆ ಬರಲಿಲ್ಲ. ಹಿರಿಯ ಬಾಯಿಯಂತೂ ಆರ್ಡರ್ ಪುಸ್ತಕವನ್ನು ಮೇಜಿನ ಮೇಲಿಟ್ಟು, "ಇದನ್ನು ತೆಗೆದುಕೊಳ್ಳಿ. ಇದರಲ್ಲಿ ಬರೆಯದೇ ಇರುವುದನ್ನು ಹೇಗೆ ತೆಗೆದುಕೊಳ್ಳುತ್ತೀರಿ?" ಎಂದರು. ಅದೂ ನಿಜವೇ ಆಗಿತ್ತು. ಯಾವ ಮನೆಯವರಿಗೆ ಎಳ್ಳು ಆಗುವುದಿಲ್ಲ, ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮನೆಯಲ್ಲಿ ಈ ವರ್ಷ ಸಾವಾಗಿರುವುದರಿಂದ ಸಿಹಿ ಬೇಡ, ಯಾರಿಗೆ ಮೊಟ್ಟೆ ಹಾಕದ ಕೊಕ್ಕಿಸಾಂ ಬೇರೆಯೇ ಬಾಣಲೆಯಲ್ಲಿ ಕರಿದು ಕೊಡಬೇಕು, ಎಲ್ಲವೂ ಅವರ ತಲೆಯಲ್ಲಿತ್ತು. ಕಾರ್ಯದರ್ಶಿ ಮೂರು ಮಧ್ಯಾಹ್ನ ಅವರ ಮನೆಯ ಜಗಲಿಯಲ್ಲಿ ಕುಳಿತು ಬರೆದುಕೊಂಡಳು. ನಾಲ್ಕನೆಯ ಮಧ್ಯಾಹ್ನ ಅವರೇ ಫೋನ್ ಮಾಡಿ ಕರೆಸಿ ಬಿಟ್ಟುಹೋದ ಏಳು ಮನೆಗಳನ್ನು ಬರೆಸಿದರು.

ಆದರೂ ಒಂದು ಕೋರಿಕೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಯಾವುದಾದರೂ ಪದಾರ್ಥ ಒಗ್ಗದಿದ್ದರೆ, "ಬಾಯಿಗೆ ಗೊತ್ತಿದೆ" ಎಂದು ಸುಮ್ಮನಿರಬೇಡಿ. ಈ ಸಲ ಇನ್ನೊಮ್ಮೆ ಹೇಳಿ.

ಇನ್ನು ದಿನಾಂಕಗಳು. ಆರ್ಡರ್ ನವೆಂಬರ್ 1ರಿಂದ ಡಿಸೆಂಬರ್ 10ರವರೆಗೆ. ಫೋನ್ ಎತ್ತುವ ಹೊತ್ತು ಸಂಜೆ 4ರಿಂದ 7. ಉಳಿದ ಹೊತ್ತಿನಲ್ಲಿ ವಾಟ್ಸ್ಆ್ಯಪ್ ಸಂದೇಶ ಹಾಕಿ, ಮರುದಿನ ಉತ್ತರ ಬರುತ್ತದೆ. ಅರ್ಧ ಹಣ ಮುಂಗಡ, ಸಂಘದ ಖಾತೆಗೆ ಮಾತ್ರ, ರಸೀದಿ ಖಂಡಿತ ಕೇಳಿ ಪಡೆಯಿರಿ. ಡಬ್ಬಿಗಳನ್ನು ಡಿಸೆಂಬರ್ 20ರಿಂದ 23ರವರೆಗೆ ಚರ್ಚಿನ ಸಭಾಂಗಣದಲ್ಲಿ ಪಡೆಯಬಹುದು. ತೆಂಗಿನೆಣ್ಣೆ, ಗೇರುಬೀಜ ತುಟ್ಟಿಯಾಗಿರುವುದರಿಂದ ದರ ಸ್ವಲ್ಪ ಏರಿದೆ, ಎಲ್ಲರಿಗೂ ಒಂದೇ ದರ. ಆದರೆ ಮಾಜಿ ಅಧ್ಯಕ್ಷೆಯರಲ್ಲಿ ಯಾರಾದರೂ ಈಗಾಗಲೇ ನಿಮಗೆ ಹಳೆಯ ದರಕ್ಕೆ ಮಾತು ಕೊಟ್ಟಿದ್ದರೆ ಅಕ್ಟೋಬರ್ ಮುಗಿಯುವುದರೊಳಗೆ ತಿಳಿಸಿ, ಈ ಒಂದು ವರ್ಷ ಆ ಮಾತನ್ನು ನಾವು ನಡೆಸಿಕೊಡುತ್ತೇವೆ. ಅವರ ಮಾತು ಬಿದ್ದುಹೋಗುವುದು ನಮಗೆ ಬೇಡ.

ಅಭ್ಯಾಸಬಲದಿಂದ ಹಳೆಯ ಸಂಖ್ಯೆಗೇ ಕರೆ ಹೋದರೆ ಗಾಬರಿ ಬೇಡ. ಬಾಯಿ ನಿಮ್ಮ ಮನೆಯವರ ಆರೋಗ್ಯ ವಿಚಾರಿಸುತ್ತಾರೆ, ಮಗಳ ಮದುವೆ ಎಲ್ಲಿಗೆ ಬಂತು ಎಂದು ಕೇಳುತ್ತಾರೆ, ಕಾಲು ಗಂಟೆ ಮಾತನಾಡುತ್ತಾರೆ. ಆರ್ಡರ್ ಮಾತ್ರ ಬರೆದುಕೊಳ್ಳುವುದಿಲ್ಲ.

ನಿಮ್ಮ,
ಅಧ್ಯಕ್ಷೆ
(ಕಾರ್ಯಕಾರಿ ಸಮಿತಿ ಮತ್ತು ಐವರು ಮಾಜಿ ಅಧ್ಯಕ್ಷೆಯರ ಒಪ್ಪಿಗೆಯೊಂದಿಗೆ)

ತಾ.ಕ.: ಮುಂದಿನ ಮೇ ತಿಂಗಳಲ್ಲಿ ನನ್ನ ಅವಧಿ ಮುಗಿಯುತ್ತದೆ. ನನ್ನ ಸ್ವಂತ ಸಂಖ್ಯೆ ಯಾರ ಬಳಿಯಾದರೂ ಇದ್ದರೆ, ದಯವಿಟ್ಟು ಅದರ ಮುಂದೆ "ಕುಸ್ವಾರ್" ಎಂದು ಬರೆದುಕೊಳ್ಳಬೇಡಿ.