ರೊಟ್ಟಿ ತಟ್ಟಿಕೊಟ್ಟ ಅಕ್ಕನಿಗೆ

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹೊಳೆಆಲೂರು, ಕೊಣ್ಣೂರು ಕಡೆ ನೀರು ನುಗ್ಗಿದ್ದು ನೆನಪಿದೆ ಅಲ್ವಾ? ಅಂದಿನಿಂದ ಬೆಟಗೇರಿಯ ನಮ್ಮ ಚರ್ಚಿನ ಗುಂಪು ಆಪತ್ತಿಗೆ ಅಂತ ದಿನಸಿ ಕೂಡಿಡುತ್ತದೆ. ಕೆಡುವ ಮೊದಲು ಅದರಲ್ಲೇ ಎಲ್ಲರೂ ಊಟ ಮಾಡಿ, ಮತ್ತೆ ಹೊಸದು ತುಂಬುತ್ತೇವೆ.

ಕಳೆದ ಶನಿವಾರ ಬೇಳೆ, ಗುರೆಳ್ಳು ಚಟ್ನಿ ಚೆನ್ನಾಗೇ ಇದ್ದವು. ಜೋಳದ ಹಿಟ್ಟು ಮಾತ್ರ ಹಳತಾಗಿ ಜಿಗುಟು ಕಳೆದುಕೊಂಡಿತ್ತು. ತಟ್ಟಿದ ರೊಟ್ಟಿಯೆಲ್ಲ ಅಂಚಿನಲ್ಲೇ ಬಿರಿಯುತ್ತಿತ್ತು. ಅರವತ್ತು ಜನ ಕಾಯುತ್ತಿದ್ದರು.

ಆಗ ನೀವು ಬಂದಿರಿ, ಅಕ್ಕಾ. ಕುದಿಯುವ ಎಸರನ್ನು ಹಿಟ್ಟಿನ ನಡುವೆ ಸುರಿದು, ಸ್ವಲ್ಪ ಹೊತ್ತು ಮುಚ್ಚಿಟ್ಟು, ಬಿಸಿ ಇರುವಾಗಲೇ ನಾದಿದಿರಿ. ಅಂಗೈ ಕೆಂಪಾಗಿತ್ತು. ರೊಟ್ಟಿ ಹಂಚಿನ ಮೇಲೆ ಉಬ್ಬಿತು! ಹೆಸರು ಕೇಳುವಷ್ಟರಲ್ಲಿ ಹೊರಟೇ ಹೋಗಿದ್ದಿರಿ, ಒಂದು ತುತ್ತೂ ತಿನ್ನದೆ.

ತುಂಬಾ ಥ್ಯಾಂಕ್ಸ್ ಅಕ್ಕಾ. ಮುಂದಿನ ಸಲ ಊಟಕ್ಕೆ ಬರಲೇಬೇಕು.