ಕ್ವಾಲಿಟಿ ಕಂಟ್ರೋಲ್ ಲ್ಯಾಬ್ ಅಂಕಗಳ ಬಗ್ಗೆ ಪೋಷಕರಿಗೆ

ಪ್ರಿಯ ಪೋಷಕರೇ,

ಮೊದಲ ವರ್ಷದ ಕ್ವಾಲಿಟಿ ಕಂಟ್ರೋಲ್ ಲ್ಯಾಬ್ ಅಂಕ ಬಂದ ಮೇಲೆ ನಿಮ್ಮಲ್ಲಿ ಹಲವರು ಫೋನ್ ಮಾಡಿದ್ದೀರಿ, ಕೆಲವರು ನೇರವಾಗಿ ಬಂದು ಕೇಳಿದ್ದೀರಿ. ಲ್ಯಾಬ್‌ನಲ್ಲಿ ಪ್ರತಿಯೊಬ್ಬರೂ 25 ಶಾಫ್ಟ್‌ಗಳ (ದುಂಡನೆಯ ಲೋಹದ ಸರಳು) ದಪ್ಪ ಅಳೆದು ಬರೆಯಬೇಕಿತ್ತು. ಪ್ರಶ್ನೆ ಹೆಚ್ಚುಕಡಿಮೆ ಒಂದೇ. ನಮ್ಮ ಮಗ 25 ಶಾಫ್ಟ್‌ಗೂ 20.00 ಮಿ.ಮೀ. ಎಂದು ನೀಟಾಗಿ ಬರೆದಿದ್ದಾನೆ, ಅವನಿಗೆ ಸೊನ್ನೆ. ಪಕ್ಕದ ಹುಡುಗಿ 19.98, 20.01, 20.03 ಅಂತ ಒಂದೊಂದಕ್ಕೆ ಒಂದೊಂದು ಬರೆದಿದ್ದಾಳೆ, ಅವಳಿಗೆ ಪೂರ್ತಿ ಅಂಕ. ಇದ್ಯಾವ ನ್ಯಾಯ?

ಕೋಪ ಬರುವುದು ಸಹಜ. ಡ್ರಾಯಿಂಗ್‌ನಲ್ಲಿ 20 ಎಂದೇ ಇದೆ ಅಲ್ವಾ? ಆದರೆ ಲೇತ್‌ನಿಂದ ಬಂದ ಶಾಫ್ಟ್ ಡ್ರಾಯಿಂಗ್ ನೋಡಿಕೊಂಡು ಕೂರುವುದಿಲ್ಲ. ಟೂಲ್ ಸವೆಯುತ್ತದೆ, ಲೋಹ ಬಿಸಿಯಾಗುತ್ತದೆ. ದಪ್ಪ ಅಳೆಯುವ ಮೈಕ್ರೋಮೀಟರ್ ಮಿಲಿಮೀಟರಿನ ನೂರನೇ ಒಂದು ಭಾಗವನ್ನೂ ತೋರಿಸುತ್ತದೆ, ಅದರ ತಿರುಗಿಸುವ ಹಿಡಿಯಾದ ಥಿಂಬಲ್ ಸ್ವಲ್ಪ ಜಾಸ್ತಿ ಬಿಗಿ ಮಾಡಿದರೂ ರೀಡಿಂಗ್ ಬದಲಾಗುತ್ತದೆ. ಅದಕ್ಕೇ ಕೊನೆಗೆ ತುದಿಯಲ್ಲಿರುವ, ಬಿಗಿ ಮಿತಿ ಮೀರದಂತೆ ತಡೆಯುವ ರ‍್ಯಾಚೆಟ್ ಹಿಡಿದು ಕಟ್ ಕಟ್ ಅನ್ನುವವರೆಗೆ ತಿರುಗಿಸಿ ಎಂದು ಕಲಿಸುತ್ತೇವೆ.

ಇನ್ನೊಂದು ವಿಷಯ. ಪ್ರತಿ ಪೆಟ್ಟಿಗೆಯಲ್ಲೂ 20.08 ಇರುವ ಒಂದು ಶಾಫ್ಟನ್ನು ಬೇಕೆಂದೇ ಸೇರಿಸಿದ್ದೆವು. ಟಾಲರೆನ್ಸ್ (20ರಿಂದ ಒಪ್ಪಬಹುದಾದ ವ್ಯತ್ಯಾಸ) ಇರುವುದು 0.05 ಆಚೀಚೆ, ಅಂದರೆ ಅದು ರಿಜೆಕ್ಟ್ ಆಗಲೇಬೇಕಾದ ಪೀಸ್. ಅದರ ಮುಂದೆಯೂ 20.00 ಎಂದಿದ್ದರೆ, ಆ ಶಾಫ್ಟನ್ನು ಅಳೆದಿಲ್ಲ ಅಥವಾ ಅಳೆದದ್ದನ್ನು ಬರೆದಿಲ್ಲ.

ಕಂಟ್ರೋಲ್ ಚಾರ್ಟ್‌ಗೆ ಬನ್ನಿ. ಗುಂಪುಗಳ ಸರಾಸರಿ ಮಿತಿ ಗೆರೆ ದಾಟಿತೇ ಎಂದು ನೋಡಿ ಮಷಿನ್ ಸರಿಯಿದೆಯೇ ಎಂದು ಹೇಳುವ ನಕ್ಷೆ ಅದು. 1924ರಲ್ಲಿ ಅಮೆರಿಕದ ಎಂಜಿನಿಯರ್ ವಾಲ್ಟರ್ ಶೂಹಾರ್ಟ್ ಮೊದಲ ಚಾರ್ಟ್ ಬರೆದಾಗಿನಿಂದ ಈ ವಿದ್ಯೆ ನಿಂತಿರುವುದೇ ಅಳತೆಗಳ ವ್ಯತ್ಯಾಸದ ಮೇಲೆ. ಐದೈದು ಶಾಫ್ಟ್‌ಗಳ ಗುಂಪು ಮಾಡಿ, ಪ್ರತಿ ಗುಂಪಿನಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಇರುವ ಅಂತರ ತೆಗೆದು, ಆ ಅಂತರಗಳ ಸರಾಸರಿಯನ್ನು 0.577ರಿಂದ (ಐದರ ಗುಂಪಿಗೆ ಗೊತ್ತುಪಡಿಸಿದ ಅಂಕಿ) ಗುಣಿಸಿ, ಎಲ್ಲ ಅಳತೆಗಳ ಸರಾಸರಿ ತೋರಿಸುವ ನಡುಗೆರೆಯಿಂದ ಅಷ್ಟು ಮೇಲೆ ಒಂದು, ಅಷ್ಟು ಕೆಳಗೆ ಒಂದು ಮಿತಿ ಗೆರೆ ಎಳೆಯುತ್ತಾರೆ. ಎಲ್ಲವೂ 20.00 ಆದರೆ ಅಂತರ ಸೊನ್ನೆ. ಮೂರೂ ಗೆರೆ ಒಂದರ ಮೇಲೊಂದು ಬಂದು ಕೂರುತ್ತವೆ. ಆಮೇಲೆ ಬರುವ ಒಳ್ಳೆಯ ಶಾಫ್ಟ್‌ಗಳಿಗೂ ಮಷಿನ್ ಕೆಟ್ಟಿದೆ ಎಂದೇ ಚಾರ್ಟ್ ಹೇಳುತ್ತದೆ. ನಾಳೆ ಕಾರ್ಖಾನೆಯಲ್ಲಿ ಇಂಥ ಚಾರ್ಟ್ ನಂಬಿ ಯಾರೋ ಮಷಿನ್ ನಿಲ್ಲಿಸುತ್ತಾರೆ, ಇಲ್ಲವೇ 20.08ರ ಶಾಫ್ಟ್ ಪ್ಯಾಕ್ ಆಗಿ ಹೋಗುತ್ತದೆ.

ನಿಮ್ಮ ಮಕ್ಕಳು ಮೋಸ ಮಾಡಿದರು ಎಂದು ನಾವು ಎಲ್ಲೂ ಬರೆದಿಲ್ಲ, ಹಾಗೆ ಅಂದುಕೊಂಡೂ ಇಲ್ಲ. ಹತ್ತು ವರ್ಷ ಶಾಲೆಯಲ್ಲಿ ಒಂದು ಪ್ರಶ್ನೆಗೆ ಒಂದೇ ಸರಿಯುತ್ತರ ಎಂದು ಕಲಿತು ಬಂದವರು, ಬೇರೆ ಅಂಕಿ ಕಂಡರೆ ತಾವೇ ತಪ್ಪಿದೆವು ಎಂದು ಹೆದರುತ್ತಾರೆ. ಆ ಹೆದರಿಕೆ ಬಿಡಿಸುವುದು ನಮ್ಮ ಕೆಲಸ, ಅದಕ್ಕೆ ಎಷ್ಟು ಸಮಯ ಬೇಕಾದರೂ ಕೊಡುತ್ತೇವೆ. ಅಳೆಯದ ಶಾಫ್ಟ್‌ಗೆ ಅಂಕ ಕೊಡಿ ಎಂದರೆ ಮಾತ್ರ ಆಗುವುದಿಲ್ಲ. ಇದನ್ನು ಲ್ಯಾಬ್ ಶಿಕ್ಷಕರಿಗೆ ಕೇಳಿದರೂ ಅಷ್ಟೇ, ನನಗೆ ಕೇಳಿದರೂ ಅಷ್ಟೇ. ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಮೈಕ್ರೋಮೀಟರ್‌ನಲ್ಲಿ ಕಂಡದ್ದನ್ನು ಕಂಡಂತೆ ಬರೆದ ಯಾವ ಮಗುವಿಗೂ, ಅಂಕಿ ಎಷ್ಟೇ ವಿಚಿತ್ರವಾಗಿರಲಿ, ಅಂಕ ಕಡಿಮೆ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ.

ಈ ವಾರದಿಂದ ರೀಡಿಂಗ್‌ಗಳನ್ನು ಪೆನ್ನಲ್ಲೇ ಬರೆಯಬೇಕು. ತಪ್ಪಾದರೆ ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಹೊಡೆದು ಪಕ್ಕದಲ್ಲಿ ಬರೆದರೆ ಸಾಕು, ವೈಟ್ನರ್ ಬೇಡ. ಸೊನ್ನೆ ಬಂದವರಿಗಾಗಿ ಮುಂದಿನ ಎರಡು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿರುತ್ತದೆ, ಹೊಸದಾಗಿ ಅಳೆದವರಿಗೆ ಪೂರ್ತಿ ಅಂಕಕ್ಕೇ ಅವಕಾಶ.

ಮಕ್ಕಳನ್ನು ಕಳಿಸಿಕೊಡಿ.

ಇಂತಿ,
ಪ್ರಾಂಶುಪಾಲರು