ಸೋತ ನಾಟಕಕ್ಕೆ ಎರಡನೇ ಪ್ರದರ್ಶನ ಬೇಕು

ಮಾನ್ಯರೇ,

1775ರ ಜನವರಿ 17ರಂದು ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ನಾಟಕಕಾರ ಶೆರಿಡನ್‌ನ ಹಾಸ್ಯನಾಟಕ ‘ದಿ ರೈವಲ್ಸ್’ ಮೊದಲ ಪ್ರದರ್ಶನದಲ್ಲೇ ನೆಲಕಚ್ಚಿತು. ನಾಟಕ ವಿಪರೀತ ಉದ್ದವಿತ್ತು, ನಟರಿಗೆ ಮಾತು ಬಾಯಿಪಾಠವಾಗಿರಲಿಲ್ಲ. ಸರ್ ಲೂಸಿಯಸ್ ಪಾತ್ರ ಐರಿಷರನ್ನು ಹೀಯಾಳಿಸುತ್ತದೆಂದು ಪ್ರೇಕ್ಷಕರು ಕೆರಳಿದರು. ಪಾತ್ರಧಾರಿ ಜಾನ್ ಲೀಗೆ ಸೇಬಿನ ಏಟೂ ಬಿತ್ತು. ಇಪ್ಪತ್ಮೂರರ ಶೆರಿಡನ್ ನಾಟಕ ಹಿಂತೆಗೆದು, ಸಂಭಾಷಣೆ ಕತ್ತರಿಸಿ, ಲೂಸಿಯಸ್‌ನನ್ನು ತಿದ್ದಿ, ಪಾತ್ರವನ್ನು ಕ್ಲಿಂಚ್ ಎಂಬ ಬೇರೊಬ್ಬ ನಟನಿಗೆ ಒಪ್ಪಿಸಿದ. 28ರಂದು ನಾಟಕ ಗೆದ್ದಿತು. ಆ ಉಪಕಾರಕ್ಕೆ ಕ್ಲಿಂಚ್‌ನ ಸಹಾಯಾರ್ಥ ಪ್ರದರ್ಶನಕ್ಕೆಂದೇ ಹೊಸ ಪ್ರಹಸನ ಬರೆದುಕೊಟ್ಟ, ಎಂಥ ದೊಡ್ಡ ಗುಣ!

ಹಾಸ್ಯದ ಲಯ ಕುದುರುವುದು ಪ್ರೇಕ್ಷಕರ ಮುಂದೆಯೇ. ಗುಬ್ಬಿ ವೀರಣ್ಣನವರ ಈ ಜಿಲ್ಲೆಯ ನಾಟಕೋತ್ಸವಗಳಲ್ಲಿ ಪ್ರತಿ ಹೊಸ ನಾಟಕಕ್ಕೂ ಹದಿನೈದು ದಿನಗಳ ಅಂತರದಲ್ಲಿ ಎರಡು ಪ್ರದರ್ಶನಕ್ಕೆ ಅವಕಾಶ ಕೊಡಲಿ.

– ರಂಗಾಸಕ್ತರು, ತುಮಕೂರು